ಬಟ್ಟಲಿನ ಅಡಿಯ ಹೆಸರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮರೆತಿಲ್ಲ. ಹೆಸರು ಮೊದಲು ಬಂದರೆ ಉಳಿದದ್ದನ್ನು ಯಾರೂ ಸರಿಯಾಗಿ ನೋಡುವುದಿಲ್ಲ ಎಂದು ಅವರು ನಂಬಿದ್ದರು, ಅದಕ್ಕೆ. ಪರದೇಶದ ಈ ವೆರಿಬೀ ಊರಿನ ನಮ್ಮ ಕನ್ನಡ ಕೂಟದಲ್ಲಿ ಮಕ್ಕಳೆಲ್ಲ ಅವರನ್ನು ಕಾಫಿ ಅಂಕಲ್ ಎನ್ನುತ್ತಿದ್ದರು. ನಾನು ಏನೂ ಕರೆಯುತ್ತಿರಲಿಲ್ಲ. ‘ನೀವು’ ಎಂದರೆ ಸಾಕಾಗುತ್ತಿತ್ತು. ಅವರು ನನ್ನನ್ನು ‘ಸಿಸ್ಟರ್’ ಎನ್ನುತ್ತಿದ್ದರು. ನಾನು ದಾವಣಗೆರೆಯಲ್ಲಿ ನರ್ಸ್ ಆಗಿ ಕೆಲಸಕ್ಕೆ ಸೇರಿ, ಮೇಟ್ರನ್ ಆಗಿ ನಿವೃತ್ತಳಾದವಳು. ಬಹಳ ವರ್ಷಗಳ ನಂತರ ಆ ಕರೆ ಕೇಳಿದ ಮೊದಲ ದಿನ, ಯಾವ ವಾರ್ಡಿನಿಂದ ಕರೆದರೋ ಎಂದು ತಿರುಗಿ ನೋಡಿದ್ದೆ.

ಅವರು ಹೋಗಿ ವರ್ಷವಾಗುತ್ತ ಬಂತು. ಕೂಟದ ಅಧ್ಯಕ್ಷರ ಚುನಾವಣೆ ಮತ್ತೆ ಬಂದಿದೆ. ಕಳೆದ ಸೋಮವಾರ ಅಭ್ಯರ್ಥಿಗಳ ಉತ್ತರಗಳು ಎಲ್ಲರ ಮನೆಗೂ ತಲುಪಿದವು. ಒಂದು, ಎರಡು, ಮೂರು ಎಂದು ಅಂಕಿ ಮಾತ್ರ ಇದೆ. ಯಾರ ಉತ್ತರ ಯಾವುದೆಂದು ತಿಳಿಯಬೇಕಾದರೆ ಅಂಟಿಸಿದ ಇನ್ನೊಂದು ಲಕೋಟೆಯನ್ನು ಒಡೆಯಬೇಕು. ಈ ಪದ್ಧತಿ ಶುರು ಮಾಡಿದವರ ಬಗ್ಗೆ ಬರೆದುಕೊಡಿ ಎಂದು ಕೂಟದ ಪತ್ರಿಕೆಯವರು ಕೇಳಿದರು. ಬೆಳಗಿನ ನಡಿಗೆಗೂ ತಿಂಡಿಗೂ ನಡುವೆ ನನಗೆ ನಲವತ್ತು ನಿಮಿಷ ಸಿಗುತ್ತದೆ. ದಿನಕ್ಕಿಷ್ಟು ಎಂದು ಬರೆದು ಮುಗಿಸಿದ್ದೇನೆ.

ಅವರು ಮಂಗಳೂರಿನಲ್ಲಿ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ರುಚಿ ನೋಡುವ ಕೆಲಸದಲ್ಲಿದ್ದವರು. ಹಾಗೊಂದು ಕೆಲಸ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಎಸ್ಟೇಟುಗಳಿಂದ ಬಂದ ಬೀಜವನ್ನು ಸ್ವಲ್ಪ ಸ್ವಲ್ಪ ಹುರಿದು, ಪುಡಿ ಮಾಡಿ, ಬಿಳಿ ಪಿಂಗಾಣಿ ಬಟ್ಟಲುಗಳಿಗೆ ಹಾಕಿ, ಬಿಸಿನೀರು ಹೊಯ್ದು ಸಾಲಾಗಿ ಇಡುತ್ತಾರಂತೆ. ಯಾವ ಎಸ್ಟೇಟಿನದು ಎಂಬ ಚೀಟಿ ಬಟ್ಟಲಿನ ಅಡಿಗೆ ಅಂಟಿರುತ್ತದೆ. ಇವರು ಚಮಚದಲ್ಲಿ ಎತ್ತಿ, ಸೊರ್ರೆಂದು ಹೀರಿ, ಬಾಯಲ್ಲಿ ತಿರುಗಿಸಿ, ಉಗಿದು, ಅನಿಸಿದ್ದನ್ನು ಪುಸ್ತಕದಲ್ಲಿ ಬರೆಯಬೇಕು. ಬರೆದಾದ ಮೇಲೆಯೇ ಬಟ್ಟಲು ಎತ್ತಿ ಚೀಟಿ ನೋಡಬೇಕು. ಮೂವತ್ತಕ್ಕೂ ಹೆಚ್ಚು ವರ್ಷ ಇದನ್ನೇ ಮಾಡಿದರು.

“ಎಸ್ಟೇಟಿನ ಹೆಸರು ಮೊದಲೇ ಕಿವಿಗೆ ಬಿದ್ರೆ ನಾಲಿಗೆ ಸುಳ್ಳು ಹೇಳ್ತದೆ ಸಿಸ್ಟರ್,” ಎನ್ನುತ್ತಿದ್ದರು. “ದೊಡ್ಡ ಸಾಹುಕಾರ್ರ ಕಾಫಿ ಅಂತ ಗೊತ್ತಾದ್ರೆ ಕಹಿಯೂ ಒಳ್ಳೇದು ಕಾಣ್ತದೆ.”

ಆ ಕೆಲಸದಿಂದ ಅವರಿಗೆ ಎರಡು ಅಭ್ಯಾಸ ಉಳಿದಿದ್ದವು. ಒಂದು, ಏನನ್ನೇ ಕುಡಿದರೂ ಸೊರ್ರೆನ್ನಿಸುವುದು. ಸಾರು, ಮಜ್ಜಿಗೆ, ಕೊನೆಗೆ ಕೆಮ್ಮಿನ ಔಷಧಿಯನ್ನೂ ಹಾಗೆಯೇ ಹೀರುತ್ತಿದ್ದರು. ಇನ್ನೊಂದು, ಯಾವುದನ್ನೂ ಹೊಗಳದಿರುವುದು. ಅವರ ಬಾಯಿಂದ ಬರಬಹುದಾಗಿದ್ದ ಅತಿ ದೊಡ್ಡ ಹೊಗಳಿಕೆಯೆಂದರೆ “ಕೆಟ್ಟದ್ದಲ್ಲ”. ನಾನು ಮಾಡಿದ ಬೆಣ್ಣೆದೋಸೆಗೆ ಎರಡು ವರ್ಷ ಕಾದ ಮೇಲೆ ಅದು ಸಿಕ್ಕಿತು.

ಒಮ್ಮೆ ನನ್ನ ಅಳಿಯ ನಮ್ಮಿಬ್ಬರನ್ನೂ ನಗರದೊಳಗಿನ ಡಾಕ್‌ಲ್ಯಾಂಡ್ಸ್‌ಗೆ ಕರೆದೊಯ್ದು, ತಾವು ಕೆಲಸ ಮಾಡುವ ಬ್ಯಾಂಕಿನ ಕಟ್ಟಡ ತೋರಿಸಿ, ನೀರಿನ ಪಕ್ಕದ ಕೆಫೆಯಲ್ಲಿ ಕೂರಿಸಿದರು. ಕಾಫಿ ಬಂತು. ಇವರು ಚಮಚ ಅದ್ದಿ ಒಮ್ಮೆ ಹೀರಿದ ಸದ್ದಿಗೆ ಸುತ್ತಲ ನಾಲ್ಕು ಟೇಬಲ್ಲಿನವರು ತಿರುಗಿದರು. ಅಳಿಯ ಫೋನು ನೋಡುವವರಂತೆ ತಲೆ ಬಗ್ಗಿಸಿದರು. ಕಾಫಿ ಮಾಡಿದ ಹುಡುಗಿ ಏನಾಯಿತೋ ಎಂದು ಹತ್ತಿರ ಬಂದಳು. ಇವರು ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ, ಬೀಜ ಹುರಿದು ಎಷ್ಟು ದಿನವಾಯಿತು ಎಂದು. ಅವಳು ಒಳಗೆ ಹೋಗಿ ಚೀಲ ನೋಡಿ ಬಂದು ದಿನದ ಲೆಕ್ಕ ಹೇಳಿದಳು. “ಒಂದು ವಾರ ಹೆಚ್ಚಾಯ್ತು,” ಎಂದರು ಇಂಗ್ಲಿಷಿನಲ್ಲಿ. ಅವಳು ಬೇರೆ ಚೀಲ ಒಡೆದು ಇನ್ನೊಂದು ಕಪ್ ಮಾಡಿ ತಂದು, ಕೈ ಕಟ್ಟಿಕೊಂಡು ಪಕ್ಕದಲ್ಲೇ ನಿಂತಳು. ಇವರು ಮತ್ತೆ ಸೊರ್ರೆನ್ನಿಸಿದರು. ಅಳಿಯ ಮತ್ತೆ ತಲೆ ಬಗ್ಗಿಸಿದರು. “ನಾಟ್ ಬ್ಯಾಡ್” ಎಂದದ್ದಕ್ಕೆ ಆ ಹುಡುಗಿಗಾದ ಸಂತೋಷ ನೋಡಬೇಕಿತ್ತು.

ನಮಗಿಬ್ಬರಿಗೂ ಈ ದೇಶದ ಪೌರತ್ವ ಸಿಕ್ಕ ಮೇಲೆ ಮೊದಲ ಓಟು ಒಂದೇ ಶಾಲೆಯಲ್ಲಿತ್ತು. ಗೇಟಿನಲ್ಲಿ ಎಲ್ಲ ಪಕ್ಷದವರೂ ಕಾಗದ ಹಿಡಿದು ನಿಂತಿರುತ್ತಾರೆ. ನಾವೆಲ್ಲ ಒಂದನ್ನು ತೆಗೆದುಕೊಂಡು ಉಳಿದವರಿಗೆ ಕೈ ಅಡ್ಡ ಮಾಡುತ್ತೇವೆ. ಇವರು ಪ್ರತಿಯೊಬ್ಬರಿಂದಲೂ ತೆಗೆದುಕೊಂಡರು, ಪ್ರತಿಯೊಬ್ಬರಿಗೂ ಥ್ಯಾಂಕ್ಯೂ ಹೇಳಿದರು. ಆಮೇಲೆ ಬೆಂಚಿನ ಮೇಲೆ ಕೂತು, ಒಂದೊಂದು ಕಾಗದದಲ್ಲೂ ಹೆಸರು, ಫೋಟೊ ಇದ್ದ ಭಾಗವನ್ನು ಹಿಂದಕ್ಕೆ ಮಡಿಸಿ, ಉಳಿದದ್ದನ್ನು ಓದತೊಡಗಿದರು. ಇಪ್ಪತ್ತು ನಿಮಿಷ. ನಾನು ಗಡಿಯಾರ ನೋಡುತ್ತ ನಿಂತಿದ್ದೆ. ಒಂದು ಕಾಗದದಲ್ಲಿ ಮಡಿಸಿದ ಮೇಲೆ ಓದಲು ಏನೂ ಉಳಿಯಲಿಲ್ಲ.

“ಇದ್ರಲ್ಲಿ ಬರೀ ಮುಖ ಉಂಟು ಸಿಸ್ಟರ್. ಕಾಫಿ ಇಲ್ಲ,” ಎಂದು ಅದನ್ನು ಬದಿಗಿಟ್ಟರು.

ಓಟು ಹಾಕಿ ಬಂದು, ಶಾಲೆಯವರು ಮಾರುತ್ತಿದ್ದ ಬ್ರೆಡ್ಡಿನಲ್ಲಿ ಸಾಸೇಜು ಬೇಡವೆಂದು ಬರೀ ಹುರಿದ ಈರುಳ್ಳಿ ಹಾಕಿಸಿಕೊಂಡು ತಿಂದೆವು. ಅದಕ್ಕೂ ಅವರದೊಂದು “ಕೆಟ್ಟದ್ದಲ್ಲ” ಸಿಕ್ಕಿತು.

ಈಗ ಬುಧವಾರದ ವಿಷಯ ಹೇಳಬೇಕು. ನಮ್ಮ ಕೂಟದ ಹೆಸರಿನಲ್ಲಿ ಕೌನ್ಸಿಲ್ಲಿನ, ಅಂದರೆ ಇಲ್ಲಿಯ ಪುರಸಭೆಯ, ಒಂದು ಹಾಲ್ ಇದೆ. ಬುಧವಾರ ಬೆಳಗ್ಗೆ ಅದು ನಮಗೆ, ಹಿರಿಯರಿಗೆ. ಹದಿನೆಂಟು ಜನ. ಹತ್ತೂವರೆಗೆ ಪ್ರಾರ್ಥನೆ, ಹತ್ತು ನಲವತ್ತಕ್ಕೆ ಕುರ್ಚಿಯ ಮೇಲೆ ಕೂತು ಮಾಡುವ ವ್ಯಾಯಾಮ, ಹನ್ನೊಂದೂಕಾಲಿಗೆ ಯಾರಾದರೊಬ್ಬರ ಮಾತು, ಹನ್ನೆರಡಕ್ಕೆ ತಂದದ್ದನ್ನು ಹಂಚಿಕೊಂಡು ಊಟ. ಸಮಯ ನೋಡುವುದು ನನ್ನ ಕೆಲಸ. ನಮ್ಮಲ್ಲಿ ಹೆಚ್ಚಿನವರಿಗೆ ಕಾರು ಓಡಿಸಲು ಬರುವುದಿಲ್ಲ. ಮಕ್ಕಳು ಏಳಕ್ಕೆ ಹೊರಟರೆ ಸಂಜೆ ಆರಕ್ಕೆ ಬರುತ್ತಾರೆ. ಶನಿವಾರ, ಭಾನುವಾರ ಮೊಮ್ಮಕ್ಕಳನ್ನು ನೋಡಿಕೊಳ್ಳುವುದು ನಾವೇ. ವಾರದಲ್ಲಿ ನಮ್ಮದು ಅಂತ ಇದ್ದದ್ದು ಆ ಒಂದು ಬೆಳಗು.

ಅಧ್ಯಕ್ಷರನ್ನು ಆರಿಸುವುದಕ್ಕೆ ಮೊದಲೆಲ್ಲ ಚುನಾವಣೆ ಇರಲಿಲ್ಲ. ವಾರ್ಷಿಕ ಸಭೆಯಲ್ಲಿ ಊಟವಾದ ಮೇಲೆ ಯಾರೋ ಒಂದು ಹೆಸರು ಹೇಳುತ್ತಿದ್ದರು, ಉಳಿದವರು ಚಪ್ಪಾಳೆ ತಟ್ಟುತ್ತಿದ್ದರು. ಕೆಲವು ವರ್ಷಗಳ ಹಿಂದೆ ಮೊದಲ ಸಲ ಮೂವರು ನಿಂತರು. ಒಬ್ಬರು ಗದಗ ಕಡೆಯ ಹೆಣ್ಣುಮಗಳು, ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುವವರು. ಎರಡನೆಯವರು ಬೆಂಗಳೂರಿನವರು, ಪ್ರತಿ ರಾಜ್ಯೋತ್ಸವಕ್ಕೂ ವೇದಿಕೆ ಕಟ್ಟಿಸುವವರು. ಆಂಟಿ, ಬನ್ನಿ ಮನೆಗೆ ಬಿಡ್ತೀನಿ ಎಂದು ಕಾರಿನ ಬಾಗಿಲು ತೆಗೆಯುವವರು, ಹಾಗಾಗಿ ನಮಗೆಲ್ಲ ಬೇಕಾದವರು. ಮೂರನೆಯವರು ನನ್ನ ಅಳಿಯ. ಹಾಲ್ ಯಾರಿಗೆ ಯಾವ ದಿನ ಎಂಬುದು ಆ ವರ್ಷ ಹೊಸದಾಗಿ ತೀರ್ಮಾನವಾಗಬೇಕಿತ್ತು. ತೀರ್ಮಾನಿಸುವವರು ಹೊಸ ಅಧ್ಯಕ್ಷರು. ನಮ್ಮ ಬುಧವಾರ ಉಳಿಯುತ್ತದೋ ಇಲ್ಲವೋ ಅವರ ಕೈಯಲ್ಲಿತ್ತು.

ಇಷ್ಟಿದ್ದರೂ ನಮ್ಮವರ ಮಾತು ಬೇರೆಯೇ ದಾರಿಯಲ್ಲಿತ್ತು.

“ನಮ್ಮ ಜಿಲ್ಲೆಯವ್ರು ನಿಂತಿರ್ಬೇಕಾದ್ರೆ ಯೋಚ್ನೆ ಏನು ಬಂತು?” ಎಂದರು ಒಬ್ಬರು.

“ನನ್ನ ಮಂಡಿ ಆಪರೇಷನ್ನಿಗೆ ಹೂವು ತಗೊಂಡು ಬಂದಿದ್ದು ವೇದಿಕೆಯವ್ರು. ನಂದು ಅವ್ರಿಗೇ,” ಎಂದರು ಇನ್ನೊಬ್ಬರು.

“ಸಿಸ್ಟರ್ ಅಳಿಯನ್ನ ಬಿಟ್ಟು ಬೇರೆಯವ್ರಿಗೆ ಹಾಕಿದ್ರೆ ವ್ಯಾಯಾಮದಲ್ಲಿ ನಮ್ಮ ಕೈಕಾಲು ಮುರೀತಾರೆ,” ಎಂದರು ಮೂರನೆಯವರು. ಎಲ್ಲ ನಕ್ಕರು.

ಕಾಫಿ ಅಂಕಲ್ ನಗಲಿಲ್ಲ. “ಮೂರು ಜನ ಎಂತ ಮಾಡ್ತಾರೆ ಅಂತ ಯಾರಾದ್ರೂ ಕೇಳಿದ್ದೀರಾ?” ಎಂದರು.

ಯಾರೂ ಕೇಳಿರಲಿಲ್ಲ.

ಐದು ಪ್ರಶ್ನೆ ಸಿದ್ಧವಾಯಿತು. ಬುಧವಾರದ ಹಾಲ್, ಮಕ್ಕಳ ತರಗತಿ, ಹಬ್ಬದ ಊಟ, ಹೊಸದಾಗಿ ಬಂದ ಕುಟುಂಬಗಳಿಗೆ ನೆರವು. ಐದನೆಯದು ನನ್ನದು. ಆರು ಗಂಟೆ ಎಂದು ಹೇಳಿದ ಕಾರ್ಯಕ್ರಮ ಆರಕ್ಕೇ ಶುರುವಾಗಲು ಏನು ಮಾಡುತ್ತೀರಿ? ಮೂವರಿಗೂ ಒಂದೇ ದಿನ, ಒಂದೇ ಪ್ರಶ್ನೆಗಳು ಹೋದವು. ಉತ್ತರ ಒಂದು ಪುಟ ಮೀರಬಾರದು. ಮನೆಯವರಿಗೂ ಹೇಳಬಾರದು. ಅಳಿಯ ಎರಡು ದಿನ ಊಟದ ಹೊತ್ತಿನಲ್ಲಿ ನನ್ನ ಮುಖ ನೋಡದೆ ಉಂಡರು. ನಾನೂ ಕೇಳಲಿಲ್ಲ.

ಉತ್ತರಗಳು ಬಂದ ವಾರದ ಬುಧವಾರ ಬೆಳಗ್ಗೆ ಕಾಫಿ ಅಂಕಲ್ ಅವರ ಮಗ ಕೆಲಸಕ್ಕೆ ಹೋಗುವ ಮುಂಚೆ ಹಾಲಿಗೆ ಬಂದು ಎಲ್ಲ ಜೋಡಿಸಿಟ್ಟು ಹೋಗಿದ್ದರು. ಮೂರು ಉತ್ತರಗಳನ್ನೂ ಒಂದೇ ಥರ ಟೈಪ್ ಮಾಡಿಸಿ ಮೇಜಿನ ಮೇಲೆ ಇಟ್ಟಿದ್ದರು. ಪ್ರತಿ ಹಾಳೆಯ ಹಿಂದೆ ಒಂದು ಬಿಳಿ ಬಟ್ಟಲು, ಬಟ್ಟಲಿನ ಅಡಿಗೆ ಬರೆದವರ ಹೆಸರಿನ ಚೀಟಿ. ಕಾಫಿ ಅಂಕಲ್‌ಗೂ ಯಾರದು ಯಾವುದೆಂದು ಗೊತ್ತಿರಲಿಲ್ಲ. ಗೊತ್ತಿರಬಾರದೆಂದೇ ಮಗನ ಕೈಯಲ್ಲಿ ಮಾಡಿಸಿದ್ದರು. ಆ ಬಟ್ಟಲುಗಳು ಅವರು ನಿವೃತ್ತರಾದಾಗ ಕ್ಯೂರಿಂಗ್ ವರ್ಕ್ಸ್‌ನವರು ಕೊಟ್ಟವು. ವಿಮಾನದಲ್ಲಿ ಬರುವಾಗ ಒಂದರ ಅಂಚು ಮುಕ್ಕಾಗಿತ್ತು.

ನಾನು ಹತ್ತು ಗಂಟೆಗೆ ಹೋದೆ. ಅವರು ಮೇಜಿನ ಬಳಿ ಕಾವಲು ಕೂತಿದ್ದರು. ಹೊರಗೆ ಯಾರದೋ ಕಾರು ಬಂತು. ವಾಕರ್ ಹಿಡಿದು ಬರುವವರನ್ನು ಇಳಿಸಿಕೊಳ್ಳಲು ಎದ್ದು ಹೋದರು. ಐದು ನಿಮಿಷ ಆಗಿರಬಹುದು.

ಹಾಳೆಗಳನ್ನು ಒಂದೊಂದಾಗಿ ಎಲ್ಲರಿಗೂ ಓದಿ ಹೇಳಿದೆವು. ಎಡಗಡೆಯ ಹಾಳೆಯಲ್ಲಿ ಹೀಗಿತ್ತು: ಬುಧವಾರ ಇರುತ್ತದೆ. ಹತ್ತು ಗಂಟೆಗೆ ಬಾಗಿಲು ತೆಗೆಯುವವರು, ಬಸ್ಸಿಲ್ಲದವರನ್ನು ಕರೆತರುವವರು ಯಾರೆಂದು ತಿಂಗಳ ಮೊದಲೇ ಹೆಸರು ಬರೆದು ಬಾಗಿಲಿಗೆ ಅಂಟಿಸುತ್ತೇನೆ. ನಡುವಿನ ಹಾಳೆ: ಬುಧವಾರ ಮುಂದುವರಿಯಲಿ, ಇನ್ನೇನು ಬೇಕೆಂದು ಹಿರಿಯರನ್ನೇ ಕೇಳುತ್ತೇನೆ. ಬಲಗಡೆಯ ಹಾಳೆ: ಹಿರಿಯರ ಸಭೆಯನ್ನು ಶನಿವಾರದ ಕುಟುಂಬ ಕಾರ್ಯಕ್ರಮದ ಜೊತೆ ಸೇರಿಸಿ, ಬುಧವಾರ ಹಾಲನ್ನು ನೃತ್ಯಾಭ್ಯಾಸಕ್ಕೆ ಕೊಡಬಹುದು.

ಕೊನೆಯದನ್ನು ಇನ್ನೊಮ್ಮೆ ಓದಿಸಿದರು.

“ಶನಿವಾರ ಮಗು ಎತ್ಕೊಂಡು ಬಂದು ಅದು ಅಳೋದನ್ನ ಕೇಳ್ತಾ ಕೂತ್ಕೊಬೇಕಾ?” ಎಂದರು ಮಂಡಿ ಆಪರೇಷನ್ನಿನವರು.

“ಇದನ್ನ ಬರೆದವರು ಒಂದು ದಿನವೂ ನಮ್ಮನ್ನ ಮಾತಾಡಿಸಿಲ್ಲ,” ಎಂದೆ ನಾನು. ಜೋರಾಗಿಯೇ ಅಂದೆ.

ಕೈ ಎತ್ತಿದಾಗ ಎಡಗಡೆಯ ಹಾಳೆಗೆ ಹೆಚ್ಚು ಬಂತು. ಆಮೇಲೆ ಬಟ್ಟಲು ಎತ್ತಿದರು. ಎಡಗಡೆ, ಗದಗಿನ ಹೆಣ್ಣುಮಗಳು. ನಡುವೆ, ವೇದಿಕೆಯವರು. ಬಲಗಡೆ, ನನ್ನ ಅಳಿಯ.

ಎಲ್ಲರೂ ನನ್ನನ್ನು ನೋಡಿದರು. ನಾನು ಗಡಿಯಾರ ನೋಡಿ, “ಹನ್ನೆರಡಾಯಿತು, ಊಟ,” ಎಂದೆ.

ಆ ಸಂಜೆ ಏಳಕ್ಕೆ ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಕಾಫಿ ಅಂಕಲ್ ಹಿಂದೊಮ್ಮೆ ಹೇಳಿದ್ದರು, ಬೀಜದಲ್ಲಿ ದೋಷ ಕಂಡರೆ ಅದನ್ನು ಬೆಳೆದವರಿಗೇ ನೇರ ಪತ್ರ ಬರೆಯುತ್ತಿದ್ದೆವು, ಪಕ್ಕದ ತೋಟದವರಿಗೆ ಹೇಳುತ್ತಿರಲಿಲ್ಲ ಎಂದು. ನಾನೂ ಹಾಗೇ ಮಾಡಿದೆ.

“ನಿಮ್ಮ ಮನೆಯಲ್ಲಿದ್ದೀನಿ, ನಿಮ್ಮ ಕಾರಲ್ಲಿ ಓಡಾಡ್ತೀನಿ. ಆದ್ರೂ ನನ್ನ ಓಟು ನಿಮಗಿಲ್ಲ,” ಎಂದೆ ಅಳಿಯನಿಗೆ. “ಬುಧವಾರವನ್ನ ಡ್ಯಾನ್ಸಿಗೆ ಕೊಡೋರಿಗೆ ನಾನು ಹಾಕಲ್ಲ.”

ಅಳಿಯ ತುತ್ತು ಕೆಳಗಿಟ್ಟರು. “ಯಾವ ಡ್ಯಾನ್ಸು ಅತ್ತೆ?”

“ನೀವು ಬರೆದಿದ್ದು.”

“ನಾನು ಹಾಗೆ ಬರೆದೇ ಇಲ್ಲ. ಬುಧವಾರ ಇರ್ಲಿ, ಇನ್ನೇನು ಬೇಕೋ ಅವ್ರನ್ನೇ ಕೇಳ್ತೀನಿ ಅಂತ ಬರೆದಿದ್ದು.” ಫೋನು ತೆಗೆದು ಕಳಿಸಿದ್ದನ್ನು ತೋರಿಸಿದರು. ಸೋಮವಾರವೇ ಕಳಿಸಿದ್ದರು. ನಡುವಿನ ಹಾಳೆಯ ಮಾತುಗಳೇ, ಅಕ್ಷರ ಬಿಡದೆ.

ನನಗೆ ಅರ್ಥವಾಗಲಿಲ್ಲ. ಅರ್ಥವಾದದ್ದು, ಕಂಡ ಮೇಜನ್ನೆಲ್ಲ ಒರೆಸುವ ನನ್ನ ಅಭ್ಯಾಸ ಬಲ್ಲ ನನ್ನ ಮಗಳಿಗೆ. ಅವಳು ನನ್ನನ್ನೇ ನೋಡುತ್ತ ಕೇಳಿದಳು: “ಅಮ್ಮಾ, ನೀನು ಆ ಟೇಬಲ್ ಒರೆಸಿದ್ಯಾ?”

ಒರೆಸಿದ್ದೆ.

ಕಾಫಿ ಅಂಕಲ್ ಹೊರಗೆ ಹೋದ ಐದು ನಿಮಿಷದಲ್ಲಿ ಮೇಜಿನ ಮೇಲೆ ನೀರಿನ ಕಲೆ ಕಂಡಿತ್ತು. ಮೂರೂ ಬಟ್ಟಲುಗಳನ್ನು ತೆಗೆದು ಪಕ್ಕಕ್ಕಿಟ್ಟು, ಒರೆಸಿ, ಮತ್ತೆ ಇಟ್ಟಿದ್ದೆ. ಹಾಳೆಗಳನ್ನು ಅಲುಗಿಸಿರಲಿಲ್ಲ, ಸುತ್ತ ಒರೆಸಿದ್ದೆ. ಬಟ್ಟಲುಗಳನ್ನು ಇಡುವಾಗ ಮುಕ್ಕಾದದ್ದನ್ನು ಕೊನೆಗಿಟ್ಟೆ. ವಾರ್ಡಿನ ಟ್ರೇಯಲ್ಲಿ ಮುಕ್ಕಾದದ್ದು ಯಾವಾಗಲೂ ಕೊನೆಗೆ. ಅಷ್ಟು ವರ್ಷದ ಕೈ, ನನ್ನನ್ನು ಕೇಳದೆ ಮಾಡಿತು. ಅದು ಮೊದಲು ನಡುವಿನಲ್ಲಿತ್ತು, ಅಳಿಯನ ಹಾಳೆಯ ಹಿಂದೆ.

ಔಷಧಿ ಕೊಡುವ ಮುಂಚೆ ಬಾಟಲಿಯ ಚೀಟಿಯನ್ನು ಮೂರು ಸಲ ಓದಬೇಕು. ತೆಗೆಯುವಾಗ, ಹೊಯ್ಯುವಾಗ, ತಿರುಗಿ ಇಡುವಾಗ. ಕೆಲಸಕ್ಕೆ ಸೇರಿದ ಪ್ರತಿ ಹುಡುಗಿಗೂ ಇದನ್ನು ಕಲಿಸಿದವಳು ನಾನು. ನನ್ನ ಕೈಯಲ್ಲಿ ಒಂದು ಔಷಧಿಯೂ ತಪ್ಪಿ ಹೋಗಿರಲಿಲ್ಲ. ವೆರಿಬೀಯ ಹಾಲ್‌ನಲ್ಲಿ ತಪ್ಪಿತು. ಹದಿನೇಳು ಜನ ತಪ್ಪು ಹೆಸರನ್ನು ತಲೆಯಲ್ಲಿಟ್ಟುಕೊಂಡು ಮನೆಗೆ ಹೋಗಿದ್ದರು. ಭಾನುವಾರ ಓಟು.

ಅಳಿಯ ಬೈಯಲಿಲ್ಲ. “ಪರವಾಗಿಲ್ಲ ಬಿಡಿ ಅತ್ತೆ,” ಎಂದು ಮತ್ತೆ ಅನ್ನ ಕಲಸಿದರು. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಬೆಳಗ್ಗೆ ಆರೂವರೆಗೆ ಎರಡು ಬೀದಿ ಆಚೆ ಇದ್ದ ಕಾಫಿ ಅಂಕಲ್ ಮನೆಗೆ ನಡೆದೆ. ಹಿತ್ತಲಲ್ಲಿ ಕೂತು ಕಾಫಿ ಹೀರುತ್ತಿದ್ದರು. ನಿಂತೇ ಹೇಳಿದೆ, ವರದಿ ಒಪ್ಪಿಸುವ ಹಾಗೆ, ಮೊದಲಿನಿಂದ ಕೊನೆಯವರೆಗೆ. ಕೊನೆಯಲ್ಲಿ, “ತಪ್ಪು ಪೂರ್ತಿ ನನ್ನದು,” ಎಂದೆ.

“ಕೂತ್ಕೊಳ್ಳಿ ಸಿಸ್ಟರ್.” ಲೋಟ ಕೆಳಗಿಟ್ಟರು. “ಪೂರ್ತಿ ನಿಮ್ದು ಹೇಗಾಗ್ತದೆ? ಮುಕ್ಕಿನ ಬಟ್ಟಲನ್ನ ನಾನು ಯಾವಾಗ್ಲೂ ಸಾಲಿನ ನಡುವೆ ಇಡ್ತೇನೆ, ಮಧ್ಯ ಯಾವುದು ಅಂತ ಕೈಗೆ ಗೊತ್ತಾಗ್ಲಿ ಅಂತ. ಮಗನಿಗೂ ಹಾಗೇ ಹೇಳಿದ್ದು. ನಿನ್ನೆ ಒಳಗೆ ಬಂದಾಗ ಅದು ಕೊನೆಯಲ್ಲಿದ್ದದ್ದು ಕಂಡಿತು. ಮಗ ಮರೆತಿರ್ಬೇಕು ಅಂದ್ಕೊಂಡೆ. ಕೇಳ್ಬೇಕಿತ್ತು, ಕೇಳ್ಲಿಲ್ಲ. ಮತ್ತೆ, ರುಚಿ ನೋಡುವವ ಟೇಬಲ್ ಬಿಟ್ಟು ಏಳ್ಲಿಕ್ಕೇ ಬಾರದು.”

“ಈಗ ಏನು ಮಾಡೋದು?”

“ರುಚಿ ಹಾಳಾಗ್ಲಿಲ್ಲ ಅಲ್ವಾ? ಹಾಳೆಯಲ್ಲಿದ್ದದ್ದು ಹಾಗೇ ಉಂಟು. ಹೆಸರು ಮಾತ್ರ ಆಚೀಚೆ ಆಯ್ತು. ಹೆಸರು ಸರಿ ಮಾಡುವ.”

ಒಂಬತ್ತು ಗಂಟೆಯಿಂದ ಫೋನು ಮಾಡಲು ಕೂತೆವು. ಪಟ್ಟಿ ನನ್ನ ಬಳಿ ಇತ್ತು. ಅವರು ನಂಬರು ಒತ್ತಿ ಕೊಡುತ್ತಿದ್ದರು, ನಾನು ಹೇಳುತ್ತಿದ್ದೆ. ಬಟ್ಟಲು ಅದಲುಬದಲಾಗಿದೆ, ಮಾಡಿದವಳು ನಾನು, ಬಲಗಡೆಯ ಹಾಳೆ ಅಳಿಯನದಲ್ಲ, ನಡುವಿನದು ಅವರದು. ಮೊದಲನೆಯವರಿಗೆ ಹೇಳುವಾಗ ಎರಡು ಸಲ ಮೊದಲಿನಿಂದ ಶುರು ಮಾಡಬೇಕಾಯಿತು. ಆರನೆಯವರ ಹೊತ್ತಿಗೆ ಸಲೀಸಾಯಿತು.

ಒಬ್ಬರು, “ನಾನು ಕನ್ನಡಕವೇ ತಂದಿರ್ಲಿಲ್ಲ ಸಿಸ್ಟರ್, ಯಾವ ಚೀಟಿನೂ ಕಂಡಿಲ್ಲ,” ಎಂದರು. ಇನ್ನೊಬ್ಬರು, “ಅಳಿಯನ್ನ ಉಳಿಸ್ಕೊಳ್ಳೋಕೆ ಚೆನ್ನಾಗಿ ಕಟ್ಟಿದ್ದೀರಿ ಕಥೆ,” ಎಂದರು. ಅದು ಚುಚ್ಚಿತು. ಹಾಗೆ ಅನ್ನುವವರು ಇರುತ್ತಾರೆಂದು ನನಗೆ ಹೊಳೆದಿರಲಿಲ್ಲ. ಕಾಫಿ ಅಂಕಲ್ ನನ್ನ ಕೈಯಿಂದ ಫೋನು ತೆಗೆದುಕೊಂಡು, “ಕಥೆ ಅಲ್ಲ ಮಾರಾಯ್ರೆ, ಅವ್ರ ಓಟು ಅಳಿಯನಿಗೆ ಈಗ್ಲೂ ಇಲ್ಲ, ಕೇಳಿ ಬೇಕಾದ್ರೆ,” ಎಂದು ಫೋನು ತಿರುಗಿ ಕೊಟ್ಟರು.

ಅದು ನಿಜವೇ ಆಗಿತ್ತು. ನಾನು ಕೈ ಎತ್ತಿದ್ದು ಎಡಗಡೆಯ ಹಾಳೆಗೆ, ಆ ಬಟ್ಟಲು ಇದ್ದಲ್ಲೇ ಇತ್ತು. “ಇಲ್ಲ,” ಎಂದೆ ಫೋನಿನಲ್ಲಿ. ಆಚೆಯವರು, “ಹಾಗಾದ್ರೆ ನಂಬ್ತೀನಿ,” ಎಂದರು.

ಕೊನೆಯ ಫೋನು ವೇದಿಕೆಯವರಿಗೆ. ಅವರು ಹಿರಿಯರ ಪಟ್ಟಿಯಲ್ಲಿ ಇರಲಿಲ್ಲ, ಆದರೂ ಹೇಳಬೇಕೆಂದು ಕಾಫಿ ಅಂಕಲ್ ತಾವೇ ಮಾಡಿದರು. ಸ್ಪೀಕರಿನಲ್ಲಿ ಹಾಕಿದ್ದರಿಂದ ನನಗೂ ಕೇಳಿತು.

“ಅಂಕಲ್, ನಿಮಗೆಲ್ಲ ಶನಿವಾರ ಈಸಿ ಆಗತ್ತೆ ಅಂದ್ಕೊಂಡೆ. ಫ್ಯಾಮಿಲಿ ಜೊತೆ ಬರಬಹುದಲ್ಲ ಅಂತ.”

“ಒಳ್ಳೇ ಮನಸ್ಸಿಂದಲೇ ಬರೆದದ್ದು, ಗೊತ್ತು. ಕೇಳಿದ್ದೀಯಾ ನಮ್ಮನ್ನು?”

“ಇಲ್ಲ ಅಂಕಲ್.”

“ಬರುವ ಬುಧವಾರ ಬಾ. ಗೆದ್ರೂ ಬಾ, ಸೋತ್ರೂ ಬಾ. ಪತ್ರೊಡೆ ತರ್ತೇನೆ.”

ಆ ಸಂಜೆ ಅಳಿಯನ ಮುಂದೆ ಮತ್ತೆ ಕೂತೆ. ನಿಮಗೆ ತಪ್ಪು ಹೊರಿಸಿದೆ, ಕ್ಷಮಿಸಿ, ಎಂದೆ. ಎಲ್ಲರಿಗೂ ಹೇಳಿಯಾಗಿದೆ ಎಂದೂ ಹೇಳಿದೆ.

“ಹಾಗಾದ್ರೆ ಓಟು ನನಗೆ ತಾನೆ?” ಎಂದು ನಕ್ಕರು.

“ಇಲ್ಲ. ನಿಮ್ಮದು ಕೆಟ್ಟದ್ದಲ್ಲ. ಆದರೆ ಬಾಗಿಲು ಯಾರು ತೆಗೀತಾರೆ ಅಂತ ಬರೆದಿದ್ದು ಅವಳೊಬ್ಬಳೇ.”

ಮಗಳು ಒಳಗೆ ಹೋಗಿ ನಕ್ಕಳು. ಅಳಿಯ ನನ್ನನ್ನು ನೋಡಿ, “ಕೆಟ್ಟದ್ದಲ್ಲ ಅಂದ್ರಲ್ಲ ಅತ್ತೆ, ಸಾಕು,” ಎಂದರು. ಎರಡು ದಿನ ಸ್ವಲ್ಪ ಮಾತು ಕಡಿಮೆ ಇತ್ತು. ಅದು ಇರಬೇಕಾದದ್ದೇ.

ಗದಗಿನ ಹೆಣ್ಣುಮಗಳು ಗೆದ್ದರು. ಅಳಿಯ ಎರಡನೆಯವರಾದರು. ಮುಂದಿನ ತಿಂಗಳ ಮೊದಲ ದಿನವೇ ಹಾಲಿನ ಬಾಗಿಲಿಗೆ ಪಟ್ಟಿ ಬಂತು. ವಾರ ಬಿಟ್ಟು ವಾರ ಬುಧವಾರ ಆಫೀಸಿಗೆ ತಡವಾಗಿ ಹೋಗಿ ನಮಗೆ ಬಾಗಿಲು ತೆಗೆಯುವವರ ಜಾಗದಲ್ಲಿ ಅಳಿಯನ ಹೆಸರಿತ್ತು. ಇನ್ನೊಂದು ವಾರ ವೇದಿಕೆಯವರದು. ಪತ್ರೊಡೆ ತಿಂದ ಮೇಲೆ ಅವರೇ ಬರೆಸಿಕೊಂಡಿದ್ದರು.

ಎರಡು ವರ್ಷದ ನಂತರ ಕಾಫಿ ಅಂಕಲ್ ಸಿಡ್ನಿಗೆ ಹೋದರು, ಸ್ಕೋಫೀಲ್ಡ್ಸ್‌ನಲ್ಲಿ ಮಗಳು ಹೊಸ ಮನೆ ಕಟ್ಟಿಸಿದ್ದಳು. ನಾನು ಸಂಬಂಧಿಕರ ಮದುವೆಗೆಂದು ಸಿಡ್ನಿಗೆ ಹೋದಾಗ ನೋಡಲು ಹೋದೆ. ಊರಿನ ಅಂಚು, ಕಾರಿನಲ್ಲಿ ಕೂತು ಕೂತು ಸಾಕಾಗುವಷ್ಟು ದೂರ. ಒಂದೇ ಥರದ ಮನೆಗಳು, ಇನ್ನೂ ಹುಲ್ಲು ಹಿಡಿಯದ ಅಂಗಳಗಳು. ಬಾಗಿಲು ತೆಗೆದವರು ತೆಳ್ಳಗಾಗಿದ್ದರು. ಯಾವುದೋ ಜ್ವರ ಬಂದು ಹೋದ ಮೇಲೆ ಅವರಿಗೆ ರುಚಿ, ವಾಸನೆ ಎರಡೂ ಹೊರಟುಹೋಗಿದ್ದವು. ಅದನ್ನು ಅವರ ಮಗಳು ನನಗೆ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು. ಹೊರಗೆ ಬಂದರೆ ಅವರು ಕಾಫಿಯನ್ನು ಹಿಂದಿನಂತೆಯೇ ಸೊರ್ರೆನ್ನಿಸುತ್ತಿದ್ದರು.

“ಏನಾದರೂ ಗೊತ್ತಾಗುತ್ತಾ?” ಎಂದೆ. ನರ್ಸ್ ಆಗಿದ್ದವಳಿಗೆ ಸುತ್ತಿ ಬಳಸಿ ಕೇಳಲು ಬರುವುದಿಲ್ಲ.

“ಬಿಸಿ ಉಂಟು ಅಂತ ಗೊತ್ತಾಗ್ತದೆ. ಸದ್ದು ಕೇಳ್ತದೆ. ಮಗಳ ಮುಖ ನೋಡಿದ್ರೆ ಹೇಗಾಗಿದೆ ಅಂತ ತಿಳೀತದೆ.” ಇನ್ನೊಮ್ಮೆ ಹೀರಿದರು. “ಕೆಟ್ಟದ್ದಲ್ಲ ಸಿಸ್ಟರ್.”

ಅವರಿಗೆ ಬೇಸರವಿತ್ತೋ ಏನೋ, ಕಾಣಿಸಲಿಲ್ಲ. ಆ ಬಡಾವಣೆಯ ನಿವಾಸಿಗಳ ಸಂಘಕ್ಕೂ ಅಧ್ಯಕ್ಷರ ಚುನಾವಣೆ ಬರುತ್ತಿದೆಯೆಂದು ಉತ್ಸಾಹದಿಂದ ಹೇಳಿದರು. ಇಬ್ಬರು ನಿಂತಿದ್ದಾರೆ, ಒಬ್ಬರು ಪಂಜಾಬಿ, ಒಬ್ಬರು ಇಲ್ಲಿಯವರೇ. ನಾಲ್ಕು ಪ್ರಶ್ನೆ ಕಳಿಸಿಯಾಗಿದೆ. ಮಾತಿನ ನಡುವೆ ನಾನು ಟೀಪಾಯಿಯ ಮೇಲಿದ್ದ ಒರೆಸುವ ಬಟ್ಟೆಗೆ ಕೈ ಹಾಕಿದೆ. ಅವರು ತಟಕ್ಕನೆ ತಮ್ಮ ಲೋಟವನ್ನು ಎತ್ತಿ ಎದೆಗೆ ಹಿಡಿದುಕೊಂಡರು. ಇಬ್ಬರೂ ಎಷ್ಟು ನಕ್ಕೆವೆಂದರೆ, ಅವರ ಮಗಳು ಏನಾಯಿತೆಂದು ಓಡಿ ಬಂದಳು.

ಅದು ಕೊನೆಯ ಭೇಟಿ. ಆಮೇಲೆ ತಿಂಗಳಿಗೊಮ್ಮೆ ಫೋನು. ಮುಂದಿನ ಚಳಿಗಾಲದಲ್ಲಿ ಒಂದು ಬೆಳಗ್ಗೆ ಅವರ ಮಗಳು ಫೋನು ಮಾಡಿದಳು. ಹೆಚ್ಚು ನರಳಲಿಲ್ಲವಂತೆ.

ಸ್ವಲ್ಪ ದಿನದ ಮೇಲೆ ಅವಳಿಂದ ಒಂದು ಪೆಟ್ಟಿಗೆ ಬಂತು. ಜೊತೆಗೊಂದು ಪತ್ರ. ಅಪ್ಪನ ಬೀರು ತೆಗೆದರೆ ಬಟ್ಟಲುಗಳು ಸಾಲಾಗಿ ಕವುಚಿದ್ದವು, ಪ್ರತಿಯೊಂದರ ಅಡಿಯಲ್ಲೂ ಯಾರಿಗೆ ಕೊಡಬೇಕೆಂದು ಚೀಟಿ ಅಂಟಿಸಿದ್ದರು, ಇದು ನಿಮ್ಮದು ಆಂಟಿ, ಎಂದು ಬರೆದಿದ್ದಳು. ನಾಲ್ಕು ಪದರ ಕಾಗದ ಬಿಚ್ಚಿದೆ. ಮುಕ್ಕಾದದ್ದೇ. ತಿರುಗಿಸಿ ನೋಡಿದೆ. ಚೀಟಿಯಲ್ಲಿ ಅವರ ಗುಂಡಗಿನ ಅಕ್ಷರ: “ಸಿಸ್ಟರ್‌ಗೆ. ಎಲ್ಲಿ ಬೇಕಾದರೂ ಇಡಬಹುದು.”

ಈ ಸಲದ ಹಾಳೆಗಳನ್ನು ನಿನ್ನೆ ಬುಧವಾರ ಹಾಲ್‌ನಲ್ಲಿ ಓದಿದೆವು. ಮೊದಲು ಮೇಜು ಒರೆಸಿದೆ. ಒರೆಸಿದ ಬಟ್ಟೆಯನ್ನು ಒಳಗೆ ಇಟ್ಟು ಬಂದೆ. ಆಮೇಲೆ ಬಟ್ಟಲುಗಳನ್ನು ಜೋಡಿಸಿದೆವು. ಎರಡು ನಮ್ಮ ಮನೆಯವು, ಒಂದು ಅವರದು. ಅದನ್ನು ಸಾಲಿನ ನಡುವೆ ಇಟ್ಟೆ.